ಇಪ್ಪತ್ತೊಂದು ಬಿಳಿ ಚೌಕಗಳು

ಮಾರ್ಚ್ 6, 2012, ಮಂಗಳವಾರ

'ದಾಟಿಸಿದವನು ದಡದಲ್ಲಿ ಹೆಸರು ಕೇಳಲಿಲ್ಲ.' ದೋಣಿಯವನ ಬಗೆಗಿನ ಆ ಪದ್ಯದ ಉಳಿದ ಸಾಲುಗಳು ಮರೆತೇ ಹೋಗಿವೆ. ಎಲ್ಲಿ ಓದಿದ್ದೆ, ಯಾರದು, ಅದೂ ನೆನಪಿಲ್ಲ. ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಇಂಥ ಒಂದು ಸಾಲನ್ನು ಹಲಗೆಯ ಮೇಲೆ ಬರೆದು ಇಡೀ ಗಂಟೆ ಕಳೆಯುತ್ತಿದ್ದೆ. ಇವತ್ತು ಪಾತ್ರೆ ತೊಳೆಯುವಾಗ ಮೇಲೆದ್ದು ಬಂತು, ಬಂದದ್ದು ಹೋಗಲಿಲ್ಲ. ಹೆಸರು ಕೇಳದೆ ಬಿಟ್ಟದ್ದು ಅವನ ದೊಡ್ಡತನವೋ, ಅಲಕ್ಷ್ಯವೋ? ಆಚೆ ದಡದಲ್ಲಿ ಇಳಿದವನು ಯಾರದೋ ಮನೆಗೆ ಬೆಂಕಿ ಇಟ್ಟರೆ ದೋಣಿಯವನನ್ನು ಹಿಡಿದು ತರಬಹುದೇ?

ತರಬಹುದಂತೆ. ಬೆಳಿಗ್ಗೆ ಷೆರಿಫ್ ಕಚೇರಿಯ ಪೊಲೀಸನೊಬ್ಬ ಬಂದು, ಟೋಪಿ ತೆಗೆದು, "ಕ್ಷಮಿಸಿ ಮಿಸ್ ಮಾರ್ಗೆಟ್, ಇದನ್ನ ನಿಮಗೆ ನಾನೇ ಕೊಡೋ ಹಾಗಾಯ್ತು" ಎಂದು ದಪ್ಪ ಲಕೋಟೆ ಕೊಟ್ಟ. ಅವನೂ ನನ್ನ ಮೈದಾನದಲ್ಲಿ ಗುರಿ ಹೊಡೆಯಲು ಕಲಿತವನೇ.

ಕಳೆದ ನವೆಂಬರಿನಲ್ಲಿ, ಪೇಟೆಯ ದಿನಸಿ ಅಂಗಡಿಯ ಮುಂದೆ, ವರ್ಲೀನ್ ಸ್ಟಬಲ್‌ಫೀಲ್ಡ್ ಎಂಬಾಕೆ ಕಾರಿನ ಕೀಲಿಗಾಗಿ ಕೈಚೀಲದೊಳಗೆ ಕೈ ಹಾಕಿದಳು. ಒಳಗಿದ್ದ ಪಿಸ್ತೂಲು ಸಿಡಿಯಿತು. ಗುಂಡು ಚೀಲವನ್ನು ತೂರಿ, ಪಕ್ಕದ ಪಿಕಪ್‌ಗೆ ಸಾಮಾನು ತುಂಬುತ್ತಿದ್ದ ಒಬ್ಬನ ಎಡ ಮಂಡಿಯನ್ನು ಒಡೆಯಿತು. ಅವನು ವಾದಿ. ಮನೆಗಳ ಮಾಡು ಹೊದಿಸುವ ಕೆಲಸದವನು, ಇನ್ನು ಏಣಿ ಹತ್ತಲಾರ. ವರ್ಲೀನ್ ಮೊದಲನೆಯ ಪ್ರತಿವಾದಿ. ಬಟ್ಟೆಯ ಮರೆಯಲ್ಲಿ ಪಿಸ್ತೂಲು ಒಯ್ಯುವ ಪರವಾನಗಿಗಾಗಿ ಅವಳಿಗೆ ಪಾಠ ಹೇಳಿ, ಪರೀಕ್ಷೆ ಮಾಡಿ, ಪ್ರಮಾಣಪತ್ರಕ್ಕೆ ಸಹಿ ಹಾಕಿದ ನಾನು ಎರಡನೆಯ ಪ್ರತಿವಾದಿ. ಪರೀಕ್ಷೆಯಲ್ಲಿ ಸೋತವಳನ್ನು ನಾನು 'ಮನಸ್ಸಿಗೆ ಬಂದಂತೆ' ತೇರ್ಗಡೆ ಮಾಡಿದೆನಂತೆ.

ಕಡತ ತೆಗೆದು ನೋಡಿದೆ. ಆಗಸ್ಟ್ 2008. ಐವತ್ತು ಗುಂಡು, ಇನ್ನೂರೈವತ್ತಕ್ಕೆ ಇನ್ನೂರ ಹದಿಮೂರು ಅಂಕ. ನೂರ ಎಪ್ಪತ್ತೈದು ಬಂದರೆ ಸಾಕು. ಕೆಳಗೆ ನನ್ನ ಸಹಿ, ಒಂದಕ್ಷರವೂ ಅಲುಗಿಲ್ಲ.

ನೆಮ್ಮದಿಯಾಗಿ ಮಲಗುತ್ತೇನೆ. ಆದರೂ, ಆ ಪದ್ಯದ ಮುಂದಿನ ಸಾಲು ಏನಿತ್ತು?

ಮಾರ್ಚ್ 9, ಶುಕ್ರವಾರ

ವಾಯ್ಲಾ ಟ್ರೆಡ್‌ವೆಲ್ ಅಪ್ಪನ ಕಾಲದಿಂದ ನಮ್ಮ ವಕೀಲೆ. ಕಕ್ಷಿದಾರರ ಮುಂದೆಯೇ ಊಟ ಮಾಡುವವಳು. ಇವತ್ತು ಪೆಕಾನ್ ಬೀಜದ ಕಡುಬು ತಿನ್ನುತ್ತ ಹೇಳಿದಳು:

"ಕಾನೂನು ನಿನ್ ಕಡೆ ಇದೆ ಮಾರ್ಗೆಟ್. ನಿನ್ನ ಹತ್ರ ಕಲ್ತು ಲೈಸೆನ್ಸ್ ತಗೊಂಡೋರು ಆಮೇಲೆ ಏನ್ ಮಾಡಿದ್ರೂ ನೀನು ಹೊಣೆ ಅಲ್ಲ. ಇಲ್ದಿದ್ರೆ ಟೆಕ್ಸಸ್‌ನಲ್ಲಿ ಗುರಿ ಕಲಿಸೋಕೆ ಒಬ್ರೂ ಸಿಗ್ತಿರಲಿಲ್ಲ."

"ಹಾಗಾದ್ರೆ ಮುಗೀತಲ್ಲ?"

"ಒಂದು ಸಣ್ಣ ಬಾಗಿಲು ತೆರೆದಿಟ್ಟಿದ್ದಾರೆ. ಮನಸ್ಸಿಗೆ ಬಂದ ಹಾಗೆ ಪಾಸ್ ಮಾಡಿದ್ದು ಗೊತ್ತಾದ್ರೆ ಆ ರಕ್ಷಣೆ ಇಲ್ಲ. ಅವರ ವಕೀಲ ಹ್ಯಾಮಿಲ್ ಅದೇ ಬಾಗಿಲಲ್ಲಿ ನುಗ್ತಿದ್ದಾನೆ. ತಗೋ, ನೋಡು."

ಅದೊಂದು ಗುರಿಹಾಳೆಯ ನೆರಳಚ್ಚು ಪ್ರತಿ. ನಮ್ಮಲ್ಲಿ ಪರೀಕ್ಷೆ ಮುಗಿದ ಮೇಲೆ ಎಲ್ಲರೂ ತಮ್ಮ ಗುರಿಹಾಳೆಯನ್ನು ಸುತ್ತಿಕೊಂಡು ಮನೆಗೆ ಒಯ್ಯುತ್ತಾರೆ, ಕಾರಿನ ಕೊಟ್ಟಿಗೆಯ ಗೋಡೆಗೆ ಮೊಳೆ ಹೊಡೆದು ತೂಗುಹಾಕುತ್ತಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ವರ್ಲೀನ್ ಕೂಡ ಹಾಗೇ ಮಾಡಿದ್ದಾಳೆ. ಹ್ಯಾಮಿಲ್ ಅದನ್ನು ಗೋಡೆಯಿಂದ ಇಳಿಸಿ ತರಿಸಿದ್ದಾನೆ. ನಡುವಿನ ಮನುಷ್ಯಾಕಾರದ ಎದೆ ಹರಿದು ಜಾಲರಿಯಾಗಿದೆ, ಅಲ್ಲಿ ಎಣಿಸಲಾಗದು. ಆದರೆ ಆಕಾರದ ಹೊರಗೆ, ಒಂದೂ ಅಂಕ ಸಿಗದ ಜಾಗದಲ್ಲಿ, ಸ್ಪಷ್ಟವಾಗಿ ಇಪ್ಪತ್ತಾರು ತೂತುಗಳು.

"ಐವತ್ತರಲ್ಲಿ ಇಪ್ಪತ್ತಾರು ಹೊರಗೆ ಹೋದ್ರೆ, ಉಳಿದದ್ದೆಲ್ಲ ನಡು ಎದೆಗೇ ಬಿದ್ದಿದ್ರೂ ನೂರಿಪ್ಪತ್ತು," ಟ್ರೆಡ್‌ವೆಲ್ ಚಮಚ ಕೆಳಗಿಟ್ಟಳು. "ನೀನು ಬರೆದಿರೋದು ಇನ್ನೂರ ಹದಿಮೂರು. ಮಾರ್ಗೆಟ್, ನನ್ನ ಹತ್ರ ಸುಳ್ಳು ಹೇಳ್ಬೇಡ. ಆ ಹೆಂಗಸಿನ ಮೇಲೆ ಕರುಣೆ ಬಂತಾ?"

ಪ್ರತಿಯನ್ನು ಹತ್ತಿರ ಎಳೆದುಕೊಂಡೆ. ಮೂಲೆಯಲ್ಲಿರುವ ಸಹಿ ನನ್ನದೇ. 213 ಎಂಬ ಅಂಕೆಯೂ ನನ್ನದೇ.

"ಸೋತ್ರೆ ಮೈದಾನ ಹೋಗತ್ತಾ?"

"ಮೈದಾನ ಹೋಗತ್ತೆ. ಕಲಿಸೋ ಹಕ್ಕು ಹೋಗತ್ತೆ. ಅದಕ್ಕೂ ಮೊದ್ಲು ನಿನ್ನ ಸಹಿಗೆ ಇದ್ದ ಬೆಲೆ ಹೋಗತ್ತೆ."

ಮಾರ್ಚ್ 10, ಶನಿವಾರ

ತರಗತಿ ರದ್ದು ಮಾಡಿದೆ. ಹನ್ನೊಂದು ಜನಕ್ಕೆ ಫೋನು. ನನಗೆ ಜ್ವರ ಎಂದು ಎಲ್ಲರಿಗೂ ಹೇಳಿದೆ.

ಮಧ್ಯಾಹ್ನ ಬೇಲಿಯ ಆಚೆಯಿಂದ ಡೀಟ್ಸೆಲ್ ಮುದುಕನ ದನಿ. ಎಪ್ಪತ್ತೊಂಬತ್ತು ವರ್ಷ, ಹದಿನೆಂಟು ಮೇಕೆ. ಹತ್ತು ವರ್ಷದಿಂದ ನಮ್ಮಿಬ್ಬರ ಮಾತು ಒಂದೇ.

"ಏನ್ ಹುಡುಗಿ, ಗುಂಡು ಖಾಲಿಯಾಯ್ತಾ?"

"ಇವತ್ತು ರಜ, ಮಿಸ್ಟರ್ ಡೀಟ್ಸೆಲ್."

"ದೇವರು ದೊಡ್ಡೋನು. ನಿನ್ನ ಢಂ ಢಂ ಕೇಳಿ ಕೇಳಿ ನನ್ನ ಮೇಕೆಗಳ ಹಾಲು ಬತ್ತಿಹೋಗಿದೆ. ಹೀಗೇ ರಜ ಹಾಕ್ತಾ ಇರು. ಚೀಸ್ ಮಾಡಿ ಕೊಡ್ತೀನಿ."

ನಲವತ್ತೆಂಟರ ನನ್ನನ್ನು ಹುಡುಗಿ ಎಂದು ಕರೆಯುವವನು ಭೂಮಿಯ ಮೇಲೆ ಅವನೊಬ್ಬನೇ.

ಮಾರ್ಚ್ 19, ಸೋಮವಾರ

ನೆನಪಾಗುತ್ತಿಲ್ಲ. ಆ ವರ್ಷ ನೂರೆಂಬತ್ತು ಜನಕ್ಕೆ ಕಲಿಸಿದ್ದೇನೆ. ವರ್ಲೀನ್ ಎಂದರೆ ಶಾಲೆಯ ಬಸ್ಸು ಓಡಿಸುತ್ತಿದ್ದವಳು, ದೊಡ್ಡ ಕನ್ನಡಕ, ತಣ್ಣನೆಯ ಚಹಾದ ಹಸಿರು ಡಬ್ಬ. ಅಷ್ಟೇ. ಗುರಿಯ ಸಾಲಿನಲ್ಲಿ ಅವಳ ಬೆನ್ನು ಕಾಣುತ್ತದೆ, ಹಾಳೆ ಕಾಣುವುದಿಲ್ಲ.

ಕರುಣೆ ಬಂದಿತ್ತೇ? ನಾನು ಅಂಥವಳೇ? ಕಾಲೇಜಿನಲ್ಲಿ ಪಾಸಾಗಲು ನಲವತ್ತು ಬೇಕಿದ್ದಾಗ ಮೂವತ್ತೆಂಟು ಬಂದವರಿಗೆ ಎರಡು ಅಂಕ ಹಾಕಿದ್ದೇನೆ. ಅವರು ಕವಿತೆ ತಪ್ಪಾಗಿ ಓದಿದರೆ ಯಾರ ಮಂಡಿಯೂ ಒಡೆಯುತ್ತಿರಲಿಲ್ಲ.

ಏಪ್ರಿಲ್ 3, ಮಂಗಳವಾರ

ಕೋರ್ಟಿನ ವಿಚಾರಣೆಗೆ ಮೊದಲು, ಹ್ಯಾಮಿಲ್‌ನ ಕಚೇರಿಯಲ್ಲಿ ವರ್ಲೀನ್ ಪ್ರಮಾಣ ಮಾಡಿ ಹೇಳಿಕೆ ಕೊಟ್ಟಳು. ನಾನೂ ಕೂತಿದ್ದೆ. ಅವಳು ನನ್ನ ಕಡೆ ನೋಡಲಿಲ್ಲ. ಅವಳ ಗಂಡ ಗೋಡೆಗೆ ಒರಗಿ ನಿಂತಿದ್ದ.

"ಎಷ್ಟು ಸಲಕ್ಕೆ ಪಾಸಾದ್ರಿ, ಮಿಸೆಸ್ ಸ್ಟಬಲ್‌ಫೀಲ್ಡ್?" ಹ್ಯಾಮಿಲ್ ಕೇಳಿದ.

"ಒಂದೇ ಸಲಕ್ಕೆ."

"ಈ ಹಾಳೆ ನಿಮ್ಮದೇ ತಾನೆ?"

"ನಂದೇ. ನಾಲ್ಕು ವರ್ಷದಿಂದ ಗೋಡೆ ಮೇಲೇ ಇತ್ತು."

"ಇಪ್ಪತ್ತಾರು ಗುಂಡು ಹೊರಗೆ ಹೋಗಿದೆಯಲ್ಲ?"

"ನಾನು ಎಣಿಸಿಲ್ಲ ಸರ್. ಮಿಸ್ ಮಾರ್ಗೆಟ್ ಪಾಸು ಅಂದ್ರು. ನಾನು ಚರ್ಚಿನಲ್ಲಿ ಎಲ್ಲರಿಗೂ ಹೇಳಿದೆ."

ಅಷ್ಟರಲ್ಲಿ ವಾದಿ ಒಳಗೆ ಬಂದ. ಊರುಗೋಲು. ಕುರ್ಚಿಯಲ್ಲಿ ಕೂರಲು ಅವನಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಹೇಳಿಕೆಯನ್ನು ಬೆರಳಚ್ಚು ಮಾಡುವಾಕೆ ಕೈ ನಿಲ್ಲಿಸಿ ಕಾದಳು. ಕುರ್ಚಿ ತೀರಾ ತಗ್ಗಿನದು. ಮೊದಲು ಬಲಗಾಲು ಮಡಚಿ, ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿ, ಆಮೇಲೆ ಒಮ್ಮೆಲೇ ಬಿದ್ದಂತೆ ಕೂತ.

ದೊಮಿಂಗೊ ಅರೆದೊಂಡೊ. ವಯಸ್ಸು ಮೂವತ್ತಾರು.

ಏಪ್ರಿಲ್ 12, ಗುರುವಾರ

ಹ್ಯಾಮಿಲ್ ಸಂಧಾನಕ್ಕೆ ಬಂದಿದ್ದಾನೆ. ತಪ್ಪೊಪ್ಪಿ ಒಂದು ಪುಟ ಬರೆದು ಕೊಡಬೇಕು, ಕಲಿಸುವ ಪರವಾನಗಿಯನ್ನು ಸರ್ಕಾರಕ್ಕೆ ಹಿಂತಿರುಗಿಸಬೇಕು. ಕೊಟ್ಟರೆ ಮೈದಾನ ಉಳಿಯುತ್ತದೆ.

"ನಾನಾಗಿದ್ರೆ ಯೋಚಿಸ್ತಿದ್ದೆ," ಎಂದಳು ಟ್ರೆಡ್‌ವೆಲ್. ಅವಳು ಹಾಗೆ ಹೇಳಿದ್ದು ಇದೇ ಮೊದಲು. ಇವತ್ತು ಏನನ್ನೂ ತಿನ್ನುತ್ತಿರಲಿಲ್ಲ.

ಏಪ್ರಿಲ್ 18, ಬುಧವಾರ

ಆ ಒಂದು ಪುಟ ಬರೆದೆ. ಭಾಷೆ ಚೆನ್ನಾಗಿ ಬಂದಿದೆ. ಸಹಿ ಮಾತ್ರ ಬಾಕಿ.

ಏಪ್ರಿಲ್ 21, ಶನಿವಾರ

ನಗು ತಡೆಯಲಾಗುತ್ತಿಲ್ಲ. ಮೊದಲಿಂದ ಬರೆಯುತ್ತೇನೆ.

ಒಂದೂವರೆ ತಿಂಗಳಿಂದ ಮೈದಾನದ ಕಡೆ ಹೆಜ್ಜೆ ಇಟ್ಟಿರಲಿಲ್ಲ. ದಾರಿಯ ತುಂಬ ನೀಲಿ ಹೂವು ಎದ್ದಿದೆ, ತುಳಿಯುವವರಿಲ್ಲ. ಹತ್ತು ಗಂಟೆಗೆ ಶೆಡ್ಡಿನ ಒಳಗೆ ಏನೋ ಬಿದ್ದ ಸದ್ದು. ಹೋಗಿ ನೋಡಿದರೆ ಡೀಟ್ಸೆಲ್‌ನ ಕ್ಲೋಟಿಲ್ಡೆ, ಮೇಕೆಗಳಲ್ಲೆಲ್ಲ ಹಿರಿಯಳು, ಗಡ್ಡದವಳು. ಅಪ್ಪನ ಹಳೆಯ ಗುರಿಹಾಳೆಗಳ ಕಟ್ಟನ್ನು ಕೆಡವಿ, ಮೇಲೆ ನಿಂತು, ಒಂದೊಂದನ್ನೇ ನೆಕ್ಕುತ್ತಿದ್ದಳು. ಹಾಳೆಯನ್ನಲ್ಲ, ಗುಂಡಿನ ತೂತು ಮುಚ್ಚಲು ಅಂಟಿಸಿದ್ದ ತೇಪೆಚೀಟಿಗಳನ್ನು. ನಾಲಿಗೆಯಲ್ಲಿ ಒದ್ದೆ ಮಾಡಿ, ತುಟಿಯಲ್ಲಿ ಎಬ್ಬಿಸಿ, ಅಗಿದು ನುಂಗುತ್ತಿದ್ದಳು. ಅಂಟಿನ ರುಚಿ.

"ಹಚಾ!" ಎಂದು ಅವಳ ಕೊರಳಪಟ್ಟಿ ಹಿಡಿದು ಎಳೆದೆ. ಅವಳ ಬಾಯಿಂದ ಹಾಳೆ ಕಸಿದುಕೊಂಡೆ. ಶೆಡ್ಡಿನ ಕಿಟಕಿಯ ಬೆಳಕು ಹಾಳೆಯ ಹಿಂದೆ ಇತ್ತು.

ಹಳದಿಗಟ್ಟಿದ ಹಾಳೆ. ಅದರಲ್ಲಿ ತೂತು. ತೂತಿನ ಸುತ್ತ, ಅಂಚು ಕತ್ತರಿಸಿದಂತೆ, ಬೆಳ್ಳಗಿನ ಒಂದು ಚೌಕ. ತೇಪೆ ಇದ್ದಷ್ಟು ಜಾಗಕ್ಕೆ ಗಾಳಿ, ಬೆಳಕು ತಾಗಿಲ್ಲ.

ನಾನು ನೆಲದ ಮೇಲೆ ಕೂತುಬಿಟ್ಟೆ. ಕ್ಲೋಟಿಲ್ಡೆ ನನ್ನ ಭುಜಕ್ಕೆ ತಲೆ ಉಜ್ಜಿ ಇನ್ನೊಂದು ಹಾಳೆಗೆ ಬಾಯಿ ಹಾಕಿದಳು. ಹಾಕಲಿ ಎಂದು ಬಿಟ್ಟೆ.

ಅಪ್ಪನಿಗೆ ಒಂದು ಹಾಳೆಯನ್ನು ಒಂದೇ ಸಲ ಬಳಸಿ ಎಸೆಯುವುದೆಂದರೆ ಸಂಕಟ. ಯಾರಾದರೂ ಪರೀಕ್ಷೆಯಲ್ಲಿ ತಪ್ಪಿದರೆ ಹೊಸ ಹಾಳೆ ಕೊಡುತ್ತಿರಲಿಲ್ಲ. ತೂತುಗಳ ಮೇಲೆ ಚೌಕ ತೇಪೆ ಅಂಟಿಸಿ, "ಈಗ ಇದು ಹೊಸದು. ಹೋಗು, ಮತ್ತೆ ಹೊಡಿ" ಎನ್ನುತ್ತಿದ್ದ. ತಪ್ಪಿದ್ದನ್ನು ಪುಸ್ತಕದಲ್ಲಿ ಬರೆಯುತ್ತಲೂ ಇರಲಿಲ್ಲ. ನಾನು ಅವನ ಮೈದಾನದ ಜೊತೆಗೆ ಈ ಎರಡನ್ನೂ ಇಟ್ಟುಕೊಂಡೆ. ನನ್ನ ಹತ್ತಿರ ಕಲಿತವರು ಮೊದಲ ಸಲ ಸೋತದ್ದು ಅವರಿಗೂ ನನಗೂ ಬಿಟ್ಟು ಯಾರಿಗೂ ಗೊತ್ತಾಗಬಾರದು. ಅದು ಸೌಜನ್ಯ ಎಂದುಕೊಂಡಿದ್ದೆ.

ವರ್ಲೀನ್ ಎರಡು ಸಲ ಹೊಡೆದಿದ್ದಾಳೆ, ಒಂದೇ ಹಾಳೆಗೆ. ನಾಲ್ಕು ಬೇಸಿಗೆ ಅವಳ ಕಾರಿನ ಕೊಟ್ಟಿಗೆಯ ಕಾವಿಗೆ ತೇಪೆಗಳು ಒಣಗಿ ಉದುರಿವೆ. ಹಳೆಯ ಸೋಲೆಲ್ಲ ಹೊರಗೆ ಬಂದು ನಿಂತಿದೆ.

ನಿಂತಿದೆ ಎಂದು ಬರೆದೆನಲ್ಲ, ಇನ್ನೂ ನೋಡಿಲ್ಲ. ನೆರಳಚ್ಚಿನಲ್ಲಿ ಚೌಕ ಕಾಣುವುದಿಲ್ಲ. ಮೂಲ ಹಾಳೆ ಬೇಕು, ಬಿಸಿಲೂ ಬೇಕು.

ಬರೆದಿಟ್ಟಿದ್ದ ಆ ಒಂದು ಪುಟವನ್ನು ಕ್ಲೋಟಿಲ್ಡೆಗೆ ಕೊಟ್ಟೆ. ಮೂಸಿ ನೋಡಿ ಮುಖ ತಿರುಗಿಸಿದಳು. ಅಂಟಿಲ್ಲ.

ಏಪ್ರಿಲ್ 25, ಬುಧವಾರ

ಹ್ಯಾಮಿಲ್‌ನ ಕಚೇರಿ. ಅವನ ಸಹಾಯಕಿ ಮೂಲ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಟ್ರೆಡ್‌ವೆಲ್, "ಈ ಎ.ಸಿ. ಚಳಿ ಮೂಳೆ ಕೊರೀತಿದೆ, ಕಿಟಕಿ ಹತ್ರ ನೋಡ್ತೀವಿ" ಎಂದು ಒಂದು ತುದಿ ಹಿಡಿದಳು. ನಾನು ಇನ್ನೊಂದು ತುದಿ. ಹೊರಗೆ ತೊಂಬತ್ತು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು.

ಮನಸ್ಸಿನಲ್ಲೇ ಎಣಿಸಿದೆ. ಹೊರಗಿನ ಇಪ್ಪತ್ತಾರು ತೂತುಗಳಲ್ಲಿ ಇಪ್ಪತ್ತೊಂದರ ಸುತ್ತ ಬಿಳಿ ಚೌಕ. ಐದರ ಸುತ್ತ ಇಲ್ಲ. ಐದು ಹೊರಗೆ, ನಲವತ್ತೈದು ಒಳಗೆ. ಇನ್ನೂರ ಹದಿಮೂರು ಬರಬಹುದಾದ ಲೆಕ್ಕ. ಎದೆಯ ಜಾಲರಿಯೊಳಗೆ ಒಂದು ತೇಪೆಯ ಚೂರು ಇನ್ನೂ ಅಂಟಿಕೊಂಡಿತ್ತು, ನಡುವೆ ಗುಂಡು ಹೊಕ್ಕ ತೂತಿನ ಜೊತೆಗೆ. ಅಂದರೆ ತೇಪೆ ಹಾಕಿದ ಮೇಲೂ ಹೊಡೆದಿದ್ದಾಳೆ.

ಮೆಟ್ಟಿಲಿಳಿದೆವು. ಕಾರಿನಲ್ಲಿ ಕೂತ ಮೇಲೆ ಟ್ರೆಡ್‌ವೆಲ್ ಸ್ಟಿಯರಿಂಗ್ ಮೇಲೆ ಗುದ್ದಿದಳು, ಹಾರ್ನು ಕೂಗಿತು.

"ಮೇಕೆ! ನಲವತ್ತು ವರ್ಷ ಕೋರ್ಟು ಸುತ್ತಿದ್ದೀನಿ, ನನಗೆ ಸಿಗದಿದ್ದು ಮೇಕೆಗೆ ಸಿಕ್ತು!" ಆಮೇಲೆ ಊಟಕ್ಕೆ ಕರೆದೊಯ್ದು ಎರಡು ಕಡುಬು ತಿಂದಳು, ಒಂದು ನನ್ನದು.

ಮೇ 6, ಭಾನುವಾರ

ಗೆಲುವಿನ ಗುಂಗಿನಲ್ಲಿ ಒಂದನ್ನು ಮರೆತಿದ್ದೆ. ಆ ಚೌಕಗಳನ್ನು ತೋರಿಸುವುದೆಂದರೆ ವರ್ಲೀನ್ ಮೊದಲ ಸಲ ಸೋತದ್ದನ್ನು ಊರಿಗೆಲ್ಲ ಹೇಳುವುದು. ಅದಕ್ಕಿಂತ ಕೆಟ್ಟದ್ದು, ಅವಳು ಪ್ರಮಾಣ ಮಾಡಿ 'ಒಂದೇ ಸಲಕ್ಕೆ' ಎಂದಿದ್ದಾಳೆ.

ಅವಳು ಯಾಕೆ ಹಾಗೆಂದಳು ಎಂದು ಈಗ ಗೊತ್ತು. ನಾನೇ ಅವಳಿಗೆ ಮಾತು ಕೊಟ್ಟಿದ್ದೆ. ತೇಪೆ ಅಂಟಿಸುವಾಗ ಎಲ್ಲರಿಗೂ ಹೇಳುವ ಮಾತನ್ನೇ ಅವಳಿಗೂ ಹೇಳಿರುತ್ತೇನೆ: "ಇದು ನಮ್ಮಿಬ್ಬರಲ್ಲೇ ಇರಲಿ." ಅವಳು ನಾಲ್ಕು ವರ್ಷ ಆ ಮಾತನ್ನು ನನಗಿಂತ ಚೆನ್ನಾಗಿ ಕಾಪಾಡಿದ್ದಾಳೆ. ಗಂಡನಿಂದಲೂ.

ದೊಮಿಂಗೊ ಅರೆದೊಂಡೊನ ಮಂಡಿ ಒಂದು ಕಡೆ, ವರ್ಲೀನ್‌ಳ ಮಾನ ಒಂದು ಕಡೆ, ನನ್ನ ಸಹಿ ಒಂದು ಕಡೆ. ದೋಣಿಯಲ್ಲಿ ಮೂವರಿದ್ದೇವೆ. ಪದ್ಯದಲ್ಲಿ ಇದ್ದವನು ಒಬ್ಬನೇ.

ಮೇ 7, ಸೋಮವಾರ

ಟ್ರೆಡ್‌ವೆಲ್‌ಗೆ ಹೇಳಿದೆ: ವರ್ಲೀನ್‌ಳನ್ನು ಸುಳ್ಳುಗಾತಿ ಎಂದು ಕರೆಯಬಾರದು. ಒಮ್ಮೆಯೂ.

"ಕರೀದೇ ಗೆಲ್ಲೋದು ಹೇಗೆ?"

"ಹಾಳೆ ತೋರಿಸು, ಕೇಳು. ಉತ್ತರ ಅವಳೇ ಕೊಡ್ಲಿ."

"ಕೊಡದಿದ್ರೆ?"

"ಹಾಳೆ ಇದೆಯಲ್ಲ."

"ಕವಿತೆ ಓದೋರನ್ನ ಕಕ್ಷಿದಾರರಾಗಿ ಇಟ್ಕೋಬಾರದು," ಎಂದಳು. ಒಪ್ಪಿದಳು.

ಮೇ 22, ಮಂಗಳವಾರ

ಇವತ್ತು ಎಷ್ಟು ಬರೆದರೂ ಸಾಲದು.

ನ್ಯಾಯಾಲಯದ ಮುಂದಿನ ಹದಿನಾಲ್ಕು ಮೆಟ್ಟಿಲುಗಳನ್ನು ಹತ್ತಲು ದೊಮಿಂಗೊ ಪಡುತ್ತಿದ್ದ ಪಾಡು ಬಾಗಿಲಿನಿಂದಲೇ ಕಂಡಿತು. ಇಳಿದು ಹೋಗಿ ಅವನ ಕಾಗದದ ಚೀಲ ಹಿಡಿದುಕೊಂಡೆ. ಅವನು ಬೇಡವೆನ್ನಲಿಲ್ಲ. "ನೀವು ಆಕಡೆಯವರಲ್ವಾ ಮೇಡಂ?" ಎಂದ. ಹೌದು ಎಂದೆ. "ಚೀಲದಲ್ಲಿ ಜೋಳದ ಹಿಟ್ಟಿನ ತಮಾಲೆ ಕಡುಬು ಇದೆ, ಹುಷಾರು," ಎಂದ. ಇಬ್ಬರೂ ಒಟ್ಟಿಗೆ ಹತ್ತಿದೆವು.

ಇವತ್ತು ತೀರ್ಮಾನವಾಗಬೇಕಿದ್ದದ್ದು ಒಂದೇ ಪ್ರಶ್ನೆ: ನನ್ನ ಮೇಲಿನ ದಾವೆ ನಿಲ್ಲುತ್ತದೋ ಇಲ್ಲವೋ. ನ್ಯಾಯಾಧೀಶ ಫ್ಲೂಗರ್ ಬಿಳಿ ಮೀಸೆಯವರು, ಮಾತು ಕಡಿಮೆ. ಹ್ಯಾಮಿಲ್ ಮೊದಲು ನನ್ನನ್ನು ಕರೆದ.

"ಪ್ರಮಾಣಪತ್ರದ ಮೇಲೆ ನಿಮ್ಮ ಸಹಿ?"

"ನಂದೇ."

"ಈ ಹಾಳೆ ಮೇಲೂ?"

"ನಂದೇ."

"ಇಪ್ಪತ್ತಾರು ತೂತು ಕಾಣಿಸ್ತಿದೆಯಾ, ಇಲ್ಲ ಅದೂ ನಿಮ್ಮ ಕಲ್ಪನಾ ಲೋಕದಲ್ಲಿ ಬೇರೆ ಥರ ಕಾಣತ್ತಾ? ನೀವು ಕವಿತೆ ಮೇಡಂ ಅಂತ ಕೇಳ್ದೆ."

ಹಿಂದೆ ಯಾರೋ ನಕ್ಕರು.

"ಇಪ್ಪತ್ತಾರು ಸರಿಯಾಗೇ ಇದೆ," ಎಂದೆ. "ಆದ್ರೆ ನೀವು ಅದನ್ನ ಮೇಜಿನ ಮೇಲೆ ಇಟ್ಟು ಓದಿದ್ದೀರಿ. ಬೆಳಕಿಗೆ ಹಿಡಿದು ಓದ್ಬೇಕು."

ಟ್ರೆಡ್‌ವೆಲ್ ಎದ್ದು ಅಪ್ಪಣೆ ಕೇಳಿದಳು. ಗುಮಾಸ್ತ ಪೂರ್ವದ ದೊಡ್ಡ ಕಿಟಕಿಗೆ ಹಾಳೆ ಹಿಡಿದ. ಬೆಳಗಿನ ಬಿಸಿಲು ಅದರ ಹಿಂದಿನಿಂದ ಬಂತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚೌಕಗಳು, ಒಂದಾದ ಮೇಲೊಂದು, ಕಣ್ಣು ಹೊಂದಿಕೊಂಡ ಹಾಗೆಲ್ಲ.

"ಅದು ತೇವದ ಕಲೆ," ಎಂದ ಹ್ಯಾಮಿಲ್.

"ನಾಲ್ಕು ಮೂಲೆ ಇರೋ ತೇವ ನಾನು ನೋಡಿಲ್ಲ," ಎಂದರು ಫ್ಲೂಗರ್. ಪೀಠದಿಂದ ಇಳಿದೇ ಬಂದರು, ಕನ್ನಡಕ ಹಣೆಗೇರಿಸಿ ಮೂಗು ತಾಗುವಷ್ಟು ಬಾಗಿದರು. ಟ್ರೆಡ್‌ವೆಲ್ ನನ್ನ ಶೆಡ್ಡಿನ ತೇಪೆಚೀಟಿಯ ಸುರುಳಿಯಿಂದ ಒಂದನ್ನು ಹರಿದು ಅವರ ಕೈಗೆ ಕೊಟ್ಟಳು. ಅವರು ಅದನ್ನು ಒಂದು ಚೌಕದ ಮೇಲೆ ಇಟ್ಟರು. ಕೂದಲೆಳೆಯ ವ್ಯತ್ಯಾಸವಿಲ್ಲ. ಇನ್ನೊಂದರ ಮೇಲೆ ಇಟ್ಟರು. ಇಪ್ಪತ್ತೊಂದನ್ನೂ ಒಬ್ಬರೇ ಎಣಿಸಿದರು, ಜೋರಾಗಿ. 

ಆಮೇಲೆ ನನ್ನ ಕಡೆ ತಿರುಗಿದರು. "ಮಿಸ್ ಓಲೆನ್‌ಡಾರ್ಫ್, ಅವರು ಮೊದಲ ಸಲ ತಪ್ಪಿದ್ದನ್ನ ನೀವ್ಯಾಕೆ ಬರೆದಿಡಲಿಲ್ಲ? ಬರೆದಿದ್ರೆ ನಾವ್ಯಾರೂ ಇಲ್ಲಿ ಇರ್ತಿರಲಿಲ್ಲ."

"ತೇಪೆ ಹಾಕಿದ ಮೇಲೆ ಹಾಳೆ ಹೊಸದು ಅಂತ ನಮ್ಮಪ್ಪ ಹೇಳ್ತಿದ್ರು," ಎಂದೆ. "ನಾನು ಒಪ್ಕೊಂಡಿದ್ದೆ. ಈಗ ಒಪ್ಪಲ್ಲ."

ವರ್ಲೀನ್‌ಳನ್ನು ಕರೆದರು. ಟ್ರೆಡ್‌ವೆಲ್ ಮಾತಿಗೆ ತಪ್ಪಲಿಲ್ಲ. ಸುಮ್ಮನೆ ಹಾಳೆಯ ಪಕ್ಕ ನಿಂತು ಕೇಳಿದಳು: "ಮಿಸೆಸ್ ಸ್ಟಬಲ್‌ಫೀಲ್ಡ್, ಆ ದಿನ ಏನೇನಾಯ್ತು, ನಿಮಗೆ ನೆನಪಿದ್ದಷ್ಟು ಹೇಳಿ."

ವರ್ಲೀನ್ ಚೌಕಗಳನ್ನು ನೋಡಿದಳು. ಗಂಡನನ್ನು ನೋಡಿದಳು. ಕನ್ನಡಕ ತೆಗೆದು ಒರೆಸಿದಳು, ಮತ್ತೆ ಹಾಕಿಕೊಂಡಳು. ನಾನು ನನ್ನ ಕೈಗಳನ್ನು ನೋಡುತ್ತಿದ್ದೆ. ಅವಳು ಇಲ್ಲ ಎಂದರೂ ನಾನು ಗೆಲ್ಲುತ್ತೇನೆ ಎಂದು ಗೊತ್ತಿತ್ತು. ಆದರೂ ಅವಳು ಹೌದೆನ್ನಲಿ ಎಂದು ಬೇಡಿಕೊಳ್ಳುತ್ತಿದ್ದೆ, ನನಗಾಗಿ ಅಲ್ಲ.

"ಎರಡು ಸಲ," ಎಂದಳು. "ಮೊದಲ್ನೇ ಸಲ ನಾನು ಕಣ್ಣು ಮುಚ್ಕೊಂಡು ಹೊಡ್ದೆ. ಆಕಾಶಕ್ಕೂ ಬಿತ್ತೋ ಏನೋ. ಹೋಗಿ ಗಾಡಿಯಲ್ಲಿ ಕೂತು ಅತ್ತೆ. ಮಿಸ್ ಮಾರ್ಗೆಟ್ ಬಂದು ಪಕ್ಕದಲ್ಲಿ ಕೂತ್ರು. ಒಂದು ಗಂಟೆ ಖಾಲಿ ಪಿಸ್ತೂಲು ಹಿಡಿಸಿ ಅಭ್ಯಾಸ ಮಾಡಿಸಿದ್ರು. ಆಮೇಲೆ ತೂತಿಗೆಲ್ಲ ತೇಪೆ ಅಂಟಿಸಿದ್ರು. ಎರಡ್ನೇ ಸಲ ಕಣ್ಣು ಬಿಟ್ಟು ಹೊಡ್ದೆ, ಪಾಸಾದೆ." ಗಂಡನ ಕಡೆ ತಿರುಗಿದಳು. "ಹಿಂದೆ ಒಂದೇ ಸಲ ಅಂದೆ. ತಪ್ಪಾಯ್ತು. ರಾಯ್ಸ್, ನಿಂಗೂ ಹಾಗೇ ಹೇಳಿದ್ದೆ."

ಗಂಡ ಬೆಂಚಿನಿಂದಲೇ, "ನಂಗೆ ಅವತ್ತೇ ಗೊತ್ತಿತ್ತು ಕಣೇ. ಕಣ್ಣೆಲ್ಲ ಊದಿತ್ತು," ಎಂದ. ನ್ಯಾಯಾಧೀಶರು ಸುತ್ತಿಗೆ ಎತ್ತಿದರು, ಕುಟ್ಟಲಿಲ್ಲ.

"ಚೀಲದ ಬಗ್ಗೆ ಏನಾದ್ರೂ ಹೇಳಿಕೊಟ್ಟಿದ್ರಾ?" ಟ್ರೆಡ್‌ವೆಲ್ ಕೇಳಿದಳು.

"ಹೇಳಿದ್ರು. ಪಿಸ್ತೂಲು ಇರೋ ಅರೆಯಲ್ಲಿ ಇನ್ನೇನೂ ಇರಬಾರದು, ಒರೆ ಇಲ್ದೆ ಇಡಲೇಬಾರದು ಅಂತ ಬರೆಸಿಕೊಂಡಿದ್ರು. ನಾನು ಮೂರು ವರ್ಷ ಹಾಗೇ ಇಟ್ಟೆ. ಆಮೇಲೆ ಆ ಒರೆ ಭಾರ ಅಂತ ತೆಗೆದಿಟ್ಟೆ." ಅವಳು ಮೊದಲ ಬಾರಿಗೆ ದೊಮಿಂಗೊನ ಕಡೆ ನೇರ ತಿರುಗಿದಳು. "ಕಲಿಸಿದ್ದು ಅವರು ಸರಿಯಾಗೇ ಕಲಿಸಿದ್ರು. ಬಿಟ್ಟಿದ್ದು ನಾನು."

ಫ್ಲೂಗರ್ ತೀರ್ಪನ್ನು ಆಮೇಲೆ ಕಳಿಸುವುದಾಗಿ ಹೇಳಿ ಎದ್ದರು. ಹೋಗುವಾಗ ಕಿಟಕಿಯ ಹತ್ತಿರ ನಿಂತು ಹಾಳೆಯನ್ನು ಇನ್ನೊಮ್ಮೆ ನೋಡಿದರು.

ಹೊರಗೆ ದೊಮಿಂಗೊ ಬೆಂಚಿನ ಮೇಲೆ ತಮಾಲೆ ಬಿಚ್ಚುತ್ತಿದ್ದ. ನನಗೂ ಒಂದು ಕೊಟ್ಟ. "ಕೋಪ ಏನಿಲ್ಲ ಮೇಡಂ. ಯಾರ್ಯಾರ ಹೆಸರಿದೆ ಅಂತ ವಕೀಲರು ಕೇಳಿದ್ರು, ಇದ್ದಿದ್ದೆಲ್ಲ ಕೊಟ್ಟೆ."

"ನನ್ನ ಹೆಸರು ಕೊಟ್ಟಿದ್ದು ತಪ್ಪಲ್ಲ," ಎಂದೆ. ಯಾಕೆ ಹಾಗೆಂದೆನೋ. ಸುತ್ತಿದ್ದ ಮೆಕ್ಕೆಜೋಳದ ಸಿಪ್ಪೆ ಇನ್ನೂ ಬೆಚ್ಚಗಿತ್ತು.

ಜೂನ್ 1, ಶುಕ್ರವಾರ

ತೀರ್ಪು ಬಂತು. ನನ್ನ ಮೇಲಿನ ದಾವೆ ವಜಾ. 'ಪ್ರತಿವಾದಿ ಮನಸ್ಸಿಗೆ ಬಂದಂತೆ ನಡೆದುಕೊಂಡಿಲ್ಲ, ಶ್ರದ್ಧೆಯಿಂದ ಎರಡು ಬಾರಿ ಪರೀಕ್ಷಿಸಿದ್ದಾರೆ.'

ಆ ವಾಕ್ಯವನ್ನು ನಿಂತು ಓದಿದೆ, ಕೂತು ಓದಿದೆ. ಅಂಗಳಕ್ಕೆ ಹೋಗಿ ಜೋರಾಗಿ ಓದಿದೆ. ಬೇಲಿಯ ಆಚೆ ಕ್ಲೋಟಿಲ್ಡೆ ತಲೆ ಎತ್ತಿದಳು. ಅವಳಿಗಾಗಿ ಮತ್ತೊಮ್ಮೆ ಓದಿದೆ.

ಟ್ರೆಡ್‌ವೆಲ್ ಫೋನಿನಲ್ಲಿ: "ಹ್ಯಾಮಿಲ್ ನಿನ್ನ ತರಗತಿಗೆ ಎಷ್ಟು ಫೀಸು ಅಂತ ವಿಚಾರಿಸ್ತಿದ್ದ!" ಸುಳ್ಳಿರಬೇಕು. ಆದರೆ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡೆ.

ಜೂನ್ 13, ಬುಧವಾರ

ವರ್ಲೀನ್‌ಳ ವಿಮೆಯವರು ದೊಮಿಂಗೊನ ಜೊತೆ ರಾಜಿ ಮಾಡಿಕೊಂ‌ಡರಂತೆ. ಅವನು ಒಪ್ಪುವಷ್ಟು ಕೊಟ್ಟಿದ್ದಾರೆ. ತಾನು ಹತ್ತದೆ, ಕೆಳಗೆ ನಿಂತು ನಾಲ್ಕು ಜನರಿಂದ ಮಾಡು ಹೊದಿಸುವ ಕೆಲಸ ಶುರುಮಾಡುತ್ತಾನಂತೆ. ಫೋನು ಮಾಡಿ ಒಂದು ಮಾತು ಕೇಳಿದೆ: ಶನಿವಾರದ ತರಗತಿಗೆ ಬಂದು ಹತ್ತು ನಿಮಿಷ ಕೂರುವಿರಾ? ಮಾತಾಡಬೇಕಿಲ್ಲ. ಕಲಿಯಲು ಬಂದವರು ನೋಡಿದರೆ ಸಾಕು.

ಫೋನಿನಲ್ಲಿ ಊರುಗೋಲು ಒರಗಿಸಿಟ್ಟ ಸದ್ದು ಕೇಳಿತು.

"ಮಾತಾಡ್ತೀನಿ," ಎಂದ. "ಆದ್ರೆ ತಗ್ಗಿನ ಕುರ್ಚಿ ಬೇಡ. ಎತ್ತರದ್ದು ಬೇಕು."

ಅಡುಗೆಮನೆಯ ಎತ್ತರದ ಸ್ಟೂಲನ್ನು ಒರೆಸಿ ಶೆಡ್ಡಿನಲ್ಲಿ ಇಟ್ಟಿದ್ದೇನೆ. ವರ್ಲೀನ್ ಕೂಡ ಹೆಸರು ಬರೆಸಿದ್ದಾಳೆ, ಮೊದಲಿಂದ ಕಲಿಯುತ್ತಾಳಂತೆ. ಪೇಟೆಯಿಂದ ಹೊಸ ರಿಜಿಸ್ಟರ್ ತಂದೆ. ಹೆಸರಿನ ಮುಂದೆ ಒಂದೇ ಅಂಕಕ್ಕೆ ಜಾಗ ಇತ್ತು, ಅಡಿಕೋಲು ಹಿಡಿದು ಇನ್ನೆರಡು ಗೆರೆ ಎಳೆದೆ. ಹೊಸ ಗುರಿಹಾಳೆ ಇನ್ನೂರು ತರಿಸಿದೆ. ಅಪ್ಪ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದ.

ಆ ಪದ್ಯದ ಮುಂದಿನ ಸಾಲು ಇನ್ನೂ ನೆನಪಾಗಿಲ್ಲ. ಹುಡುಕುವುದನ್ನು ಯಾವಾಗ ಬಿಟ್ಟೆನೋ.

ಜೂನ್ 14, ಗುರುವಾರ

ಬೆಳಿಗ್ಗೆ ಬಾಗಿಲು ಬಡಿದ ಸದ್ದು. ಡೀಟ್ಸೆಲ್. ಹತ್ತು ವರ್ಷದಲ್ಲಿ ಬೇಲಿ ಸುತ್ತಿ ಬಾಗಿಲಿಗೆ ಬಂದದ್ದು ಇದೇ ಮೊದಲು. ತಲೆ ಬಾಚಿಕೊಂಡಿದ್ದ. ಕೈಯಲ್ಲಿ ಒದ್ದೆ ಬಟ್ಟೆ ಸುತ್ತಿದ ಚೀಸಿನ ಉಂಡೆ.

"ಒಳಗೆ ಬನ್ನಿ, ಮಿಸ್ಟರ್ ಡೀಟ್ಸೆಲ್."

"ಬರಲ್ಲ. ಹೇಳಿ ಹೋಗ್ತೀನಿ." ಚೀಸನ್ನು ನನ್ನ ಕೈಗೆ ತುರುಕಿದ. "ಇದು ಇಷ್ಟೇ ಆಗಿದ್ದು. ನಿನ್ನ ಢಂ ಢಂ ನಿಂತ ಮೂರು ತಿಂಗಳಿಂದ ಹಾಲು ಅರ್ಧಕ್ಕರ್ಧ ಇಳಿದಿದೆ. ಶನಿವಾರ ಬೆಳಿಗ್ಗೆ ಆಯ್ತು ಅಂದ್ರೆ ಅಷ್ಟೂ ಮೇಕೆ ಬೇಲಿಗೆ ಬಂದು ಕಿವಿ ನಿಗುರಿಸ್ಕೊಂಡು ನಿಲ್ತಾವೆ, ಕೆಚ್ಚಲಿಗೆ ಕೈ ಹಾಕೋಕೆ ಬಿಡಲ್ಲ. ನಾಡಿದ್ದು ಎಂಟಕ್ಕೆ ಸರಿಯಾಗಿ ಶುರು ಮಾಡು ಹುಡುಗಿ. ಒಂದು ನಿಮಿಷ ತಡ ಆದ್ರೂ ನಾನೇ ನಿನ್ನ ಮೇಲೆ ದಾವೆ ಹಾಕ್ತೀನಿ."